ಎಂಟನೆಯ ದಿನಕ್ಕೆ ನಿಂತ ಔಷಧಿ

ವೆಂಟಿಲೇಟರ್ ಎಂಬ ಶಬ್ದ ಒಂದು ಕಾಲಕ್ಕೆ ಡಾಕ್ಟರರ ಬಾಯಲ್ಲಿ ಮಾತ್ರ ಇತ್ತು. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಅದು ನಮ್ಮ ಅಡಿಗೆಮನೆಯವರೆಗೂ ಬಂದಿತು. ಬೆಡ್ ಸಿಕ್ಕೀತೆ, ವೆಂಟಿಲೇಟರ್ ಸಿಕ್ಕೀತೆ ಎಂದು ರಾತ್ರಿಯಿಡೀ ಫೋನು ಹಚ್ಚುತ್ತ ಕುಳಿತವರು ನಮ್ಮ ಸಮಾಜದಲ್ಲಿಯೂ ಎಷ್ಟೋ ಜನರಿದ್ದಾರೆ. ಆದರೆ ಆ ಯಂತ್ರ ಸಿಕ್ಕ ಮೇಲೆ ಮುಂದೇನಾಗುತ್ತದೆ, ಜೀವ ಉಳಿಸುವ ಅದೇ ಕೊಳವೆಯ ದಾರಿಯಿಂದ ಯಾವ ಅಪಾಯ ಬರುತ್ತದೆ, ಆಗ ಕೊಡುವ ಔಷಧಿಯ ಲೆಕ್ಕವೇನು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 2023ರ ಮಳೆಗಾಲದಲ್ಲಿ ನಮ್ಮ ಕಾಕಾ ಅವರು ಸೋಲಾಪುರದ ಒಂದು ಖಾಸಗಿ ದವಾಖಾನೆಯಲ್ಲಿ 27 ದಿವಸ ಆ ಯಂತ್ರದ ಮೇಲಿದ್ದರು. ಆ ದಿನಗಳಲ್ಲಿ ಡಾಕ್ಟರರನ್ನು ಕೇಳಿ ತಿಳಿದದ್ದನ್ನು, ಆಮೇಲೆ ಓದಿಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ನಾವು ವೈದ್ಯರಲ್ಲ. ರೋಗಿಯ ಕಡೆಯವರಾಗಿ ಬಾಗಿಲ ಹೊರಗೆ ಕುಳಿತವರು. ಅಷ್ಟನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಕಾಕಾ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮಹಾರಾಷ್ಟ್ರದ ಸೀಮೆಯೊಳಗಿದ್ದರೂ ಆ ತಾಲೂಕಿನ ಊರುಗಳಲ್ಲಿ ಇಂದಿಗೂ ಕನ್ನಡದಲ್ಲಿ ಅಕ್ಷರ ಕಲಿಯುವ ಮಕ್ಕಳಿದ್ದಾರೆ. ಅಂಥ ಮಕ್ಕಳಿಗೆ ಅ ಆ ತಿದ್ದಿಸಿದ ಕೈ ಅವರದು. ಆಗ ವಯಸ್ಸು 66. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ದಿನಾ ಬೆಳಿಗ್ಗೆ ನಡೆದು ಬಸದಿಗೆ ಹೋಗಿ ಬರುವ ಶರೀರ. ಮಳೆಗಾಲದ ಆರಂಭಕ್ಕೆ ನಾಲ್ಕು ದಿನ ಹೊಟ್ಟೆ ಕೆಟ್ಟಿತು, ವಾಸಿಯೂ ಆಯಿತು. ಹತ್ತು ದಿನ ಕಳೆದ ಮೇಲೆ ಅಂಗಾಲು ಜುಮ್ಮೆನ್ನತೊಡಗಿತು. ಮರುದಿನ ಪಡಸಾಲೆಯ ಹೊಸ್ತಿಲು ದಾಟಲು ಕಾಲು ಏಳಲಿಲ್ಲ. ಅಕ್ಕಲಕೋಟೆಯಲ್ಲಿ ನೋಡಿದ ಡಾಕ್ಟರರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, "ತಡ ಮಾಡಬ್ಯಾಡ್ರಿ, ಈಗಿಂದೀಗ ಸೋಲಾಪುರಕ್ಕ ಒಯ್ರಿ" ಎಂದರು. ಆ ನಲವತ್ತು ಕಿಲೋಮೀಟರಿನ ದಾರಿಯಲ್ಲಿ ಕಾಕಾ ಕಾರಿನಲ್ಲಿ ಮಾತನಾಡುತ್ತಲೇ ಬಂದರು. ಎರಡು ದಿನಕ್ಕೆ ಮಾತು ಮೂಗಿನಲ್ಲಿ ಬರಹತ್ತಿತು, ನುಂಗಿದ ನೀರು ನೆತ್ತಿಗೇರಿತು. ಮೂರನೆಯ ದಿನ ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಿದರು.

ರೋಗದ ಹೆಸರು ಗಿಲಾನ್ ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿ.ಬಿ.ಎಸ್. ಆಗ ಈ ಹೆಸರನ್ನು ಕೇಳಿದವರೇ ಕಡಿಮೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಇದು ಒಮ್ಮೆಲೇ ಬಂದಿರುವ ಸಂಶಯ ಎದ್ದು, ಅಲ್ಲಿಂದ ಬಂದ ಒಬ್ಬರು ಸೋಲಾಪುರದಲ್ಲಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಈ ಭಾಗದವರಿಗೆ ಪರಿಚಯವಾಯಿತು. ಹೊಟ್ಟೆಯ ಸೋಂಕು, ಕೆಲವು ಸಲ ನೆಗಡಿ, ಹೋದ ಮೇಲೆ ಅದರ ಮೇಲೆ ಯುದ್ಧಕ್ಕೆ ನಿಂತ ಶರೀರದ ಸೈನ್ಯ ದಾರಿ ತಪ್ಪಿ ನಮ್ಮ ನರಗಳನ್ನೇ ಹೊಡೆಯುತ್ತದೆ. ಕಾಲಿನಿಂದ ಹೊರಟ ಬಲಹೀನತೆ ಎದೆಯವರೆಗೆ ಏರಿದರೆ ಉಸಿರಿನ ಸ್ನಾಯುಗಳು ನಿಲ್ಲುತ್ತವೆ. ಸುಮಾರು ನಾಲ್ಕು ರೋಗಿಗಳಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಹೆಚ್ಚಿನವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ನರಗಳು ತಿರುಗಿ ಎಚ್ಚರಾಗುವ ತನಕ, ಅದು ವಾರಗಳೇ ಆಗಲಿ ತಿಂಗಳುಗಳೇ ಆಗಲಿ, ಯಂತ್ರದ ಮೇಲೆ ಬದುಕಿರಬೇಕು. ಆ ಬದುಕಿರುವ ಕಾಲದಲ್ಲಿ ಬರುವ ದೊಡ್ಡ ಶತ್ರು ನ್ಯುಮೋನಿಯಾ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಕಾ ಅವರ ಶ್ವಾಸಕೋಶಕ್ಕೆ ಮೊದಲು ಏನೂ ಆಗಿರಲಿಲ್ಲ, ಕೆಟ್ಟಿದ್ದು ನರ. ಸ್ವಸ್ಥ ಮನುಷ್ಯನ ಗಂಟಲಲ್ಲಿ ದಿನವೂ ಸಾವಿರ ರೋಗಾಣು ಇಳಿಯುತ್ತವೆ. ಕೆಮ್ಮಿ, ನುಂಗಿ ನಾವು ಅವನ್ನು ಹೊರಗೆ ಹಾಕುತ್ತೇವೆ. ಕೊಳವೆ ಹಾಕಿದಾಗ ಆ ಬಾಗಿಲು ತೆರೆದೇ ಉಳಿಯುತ್ತದೆ. ಕೊಳವೆಯ ಸುತ್ತ ಗಾಳಿ ತುಂಬಿದ ಒಂದು ಸಣ್ಣ ಬುಗ್ಗೆ ಇರುತ್ತದೆ, ಆದರೆ ಅದರ ಮೇಲೆ ನಿಂತ ಜೊಲ್ಲು ಅಂಚಿನಿಂದ ಹನಿಹನಿಯಾಗಿ ಕೆಳಗೆ ಜಿನುಗುತ್ತದೆ. ಕೊಳವೆಯ ಒಳಮೈಗೆ ಪಾಚಿಯಂತೆ ರೋಗಾಣುಗಳ ಲೇಪ ಕಟ್ಟುತ್ತದೆ. ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ಹೊಸದಾಗಿ ಬರುವ ನ್ಯುಮೋನಿಯಾಕ್ಕೆ ವೈದ್ಯರು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಬೇರೆ ಹೆಸರನ್ನೇ ಕೊಟ್ಟಿದ್ದಾರೆ. ಕಾರಣವೇನೆಂದರೆ ಇಲ್ಲಿ ಬರುವ ರೋಗಾಣುಗಳು ಮನೆಯಲ್ಲಿ ಬರುವ ನ್ಯುಮೋನಿಯಾದವಲ್ಲ. ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್ ಎಂಬ ಇವು ದವಾಖಾನೆಗಳಲ್ಲೇ ಬೆಳೆದು, ಅಲ್ಲಿಯ ಔಷಧಿಗಳನ್ನೆಲ್ಲ ಕಂಡು ಹಳಬರಾದವು.

ಯಂತ್ರದ ಚರಿತ್ರೆಯೂ ಇಂಥದೇ ನರದ ರೋಗದಿಂದ ಆರಂಭವಾಯಿತೆಂದು ಆಮೇಲೆ ಓದಿದೆವು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಶ್ವಾಸನಾಳಕ್ಕೆ ಕೊಳವೆ ಹಾಕಿಸಿ ಚೀಲದಿಂದ ಗಾಳಿ ಒತ್ತಿಸಿದರು. ಅಷ್ಟು ಯಂತ್ರಗಳು ಎಲ್ಲಿಂದ ಬರಬೇಕು? ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ಕುಳಿತು ಕೈಯಿಂದ ಚೀಲ ಒತ್ತಿ ಮಕ್ಕಳನ್ನು ಉಳಿಸಿದರು. ಇಂದಿನ ಐ.ಸಿ.ಯು.ಗಳ ಮೂಲ ಅದು.

ಕಾಕಾ ಯಂತ್ರದ ಮೇಲಿದ್ದ ಆರನೆಯ ದಿನ ಜ್ವರ ಬಂತು. ಅದುವರೆಗೆ ನೀರಿನಂತಿದ್ದ ಕಫ ದಪ್ಪಗೆ, ಹಳದಿಯಾಗಿ ಬರತೊಡಗಿತು. ಯಂತ್ರದ ಆಮ್ಲಜನಕ ನೂರಕ್ಕೆ 30 ಇದ್ದದ್ದನ್ನು 60ಕ್ಕೆ ಏರಿಸಿದರು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬೂದಿ ಚೆಲ್ಲಿದ ಹಾಗೆ ಕಲೆ. ಇಮ್ಯುನೊಗ್ಲಾಬುಲಿನ್ ಇಂಜೆಕ್ಷನ್ನಿನ ಐದು ದಿನದ ಖರ್ಚಿಗೆ ಕಾಕೂ ಅವರ ಪಾಟ್ಲಿ ಹೋಗಿದ್ದವು. ರೋಗ ಇಳಿಮುಖ ಅನ್ನುವಷ್ಟರಲ್ಲಿ ಇದು.

ನಮ್ಮನ್ನು ಒಳಗೆ ಕರೆದ ಡಾಕ್ಟರರು ಇಂಡಿ ಕಡೆಯವರು, ಮರಾಠಿ ಕನ್ನಡ ಎರಡರಲ್ಲೂ ಹೇಳಿದರು. ಮೊದಲು ಶ್ವಾಸನಾಳದಿಂದ ಕಫ ತೆಗೆದು ಕಲ್ಚರಿಗೆ ಕಳಿಸಿದ್ದಾಗಿದೆ. ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕಾಯುವಂತಿಲ್ಲ, ಈ ರೋಗದಲ್ಲಿ ಸರಿಯಾದ ಔಷಧಿ ತಡವಾದಷ್ಟೂ ಸಾವಿನ ಭಯ ಹೆಚ್ಚು. ಆದ್ದರಿಂದ ತಮ್ಮ ಐ.ಸಿ.ಯು.ದಲ್ಲಿ ಹೆಚ್ಚಾಗಿ ಕಾಣುವ ರೋಗಾಣುಗಳ ಮೇಲೆ ನಡೆಯುವ ವಿಸ್ತಾರವಾದ ಔಷಧಿ ಈಗಲೇ ಶುರು ಮಾಡುತ್ತೇವೆ ಎಂದು ಮೆರೋಪೆನೆಮ್ ಎಂಟು ತಾಸಿಗೊಮ್ಮೆ, ಜೊತೆಗೆ ಟೀಕೋಪ್ಲಾನಿನ್ ಬರೆದರು. ಕಫ ಮೊದಲು ತೆಗೆಯುವುದು, ಔಷಧಿ ಆಮೇಲೆ: ಈ ಅನುಕ್ರಮ ಬಹಳ ಮುಖ್ಯವಂತೆ. ಔಷಧಿ ಬಿದ್ದ ಮೇಲೆ ತೆಗೆದ ಕಫದಲ್ಲಿ ರೋಗಾಣು ಸರಿಯಾಗಿ ಬೆಳೆಯದೆ ಹೋಗಬಹುದು. ಆಗ ಶತ್ರು ಯಾರೆಂದು ಗೊತ್ತಾಗದೆ ಕತ್ತಲೆಯಲ್ಲಿ ಕೋಲು ಬೀಸಿದಂತೆ ಆಗುತ್ತದೆ.

ಮೂರನೆಯ ದಿನ ವರದಿ ಬಂತು. ಕ್ಲೆಬ್ಸಿಯೆಲ್ಲಾ. ಪೈಪರಾಸಿಲಿನ್–ಟಾಜೋಬ್ಯಾಕ್ಟಮ್ ಎಂಬ ಔಷಧಿಗೆ ಬಗ್ಗುತ್ತದೆ ಎಂದು ಬರೆದಿತ್ತು. ಡಾಕ್ಟರರ ಮುಖದಲ್ಲಿ ನಗೆ ಕಂಡಿತು. ಟೀಕೋಪ್ಲಾನಿನ್ ನಿಲ್ಲಿಸಿದರು, ಮೆರೋಪೆನೆಮ್ ತೆಗೆದು ಆರು ತಾಸಿಗೊಮ್ಮೆ ಈ ಇನ್ನೊಂದನ್ನು ಹಚ್ಚಿದರು.

ಇಲ್ಲಿಂದ ನಮ್ಮ ಮನೆಯೊಳಗಿನ ಜಗಳ ಸುರುವಾಯಿತು. ಕಾಕಾ ಅವರ ಮಗ, ನಮ್ಮ ತಮ್ಮ, ಪುಣೆಯಲ್ಲಿ ಕಂಪನಿಯಲ್ಲಿದ್ದವನು, ಸಾಲ ಮಾಡಿ ದುಡ್ಡು ತಂದವನು. "ಭಾರೀ ಇಂಜೆಕ್ಷನ್ ತಗದು ಹಗರಂದು ಹಾಕ್ತಾರಂದ್ರ ಏನರ್ಥ? ರೊಕ್ಕ ತೀರೇತಂತ ತಿಳಕೊಂಡಾರೇನು?" ಎಂದು ಕಾರಿಡಾರಿನಲ್ಲಿ ಸಿಟ್ಟಾದ. ಬೀಗರೊಬ್ಬರು ಹೈದರಾಬಾದಿನ ಯಾವುದೋ ದೊಡ್ಡ ದವಾಖಾನೆಯ ಹೆಸರು ಹೇಳಿ, ಅಲ್ಲಿ ಒಂದೇ ಸಲಕ್ಕೆ ಮೂರು ನಾಲ್ಕು ಆಂಟಿಬಯಾಟಿಕ್ ಕೊಡುತ್ತಾರೆಂದರು. ನಮ್ಮ ಜನಕ್ಕೆ ಔಷಧಿ ಎಂದರೆ ಊಟದ ಪಂಕ್ತಿಯಿದ್ದ ಹಾಗೆ. ಎಷ್ಟು ಬಡಿಸಿದರೆ ಅಷ್ಟು ಪ್ರೀತಿ.

ಡಾಕ್ಟರರು ಬೇಸರಿಸಲಿಲ್ಲ. "ಕಳ್ಳ ಯಾರಂತ ಗೊತ್ತಿಲ್ಲದಾಗ ಊರೆಲ್ಲ ನಾಕಾಬಂದಿ ಮಾಡ್ತೀವ್ರಿ. ಕಳ್ಳ ಯಾವ ಮನ್ಯಾಗ ಅದಾನಂತ ಗೊತ್ತಾದ ಮ್ಯಾಲೆ ಆ ಮನೀಗೇ ಹೋಗಬೇಕಲ್ರಿ" ಎಂದರು. ವಿಸ್ತಾರದ ಔಷಧಿ ಈ ರೋಗಾಣುವಿನ ಮೇಲೆ ಸಣ್ಣ ಔಷಧಿಗಿಂತ ಹೆಚ್ಚು ಬಲವಾದುದೇನೂ ಅಲ್ಲ, ಅದು ಬೇರೆ ನೂರು ನಿರುಪದ್ರವಿ ಜೀವಿಗಳನ್ನೂ ಸೇರಿಸಿ ಕೊಲ್ಲುತ್ತದೆ ಅಷ್ಟೇ. ಕರುಳಿನಲ್ಲಿ, ಬಾಯಿಯಲ್ಲಿ ನಮ್ಮ ಒಳ್ಳೆಯದಕ್ಕೇ ಇರುವ ಆ ಜೀವಿಗಳು ಸತ್ತ ಜಾಗ ಬರಿದಾಗಿ ಉಳಿಯುವುದಿಲ್ಲ. ಯಾವ ಔಷಧಿಗೂ ಸಾಯದ ಗಟ್ಟಿ ರೋಗಾಣು ಬಂದು ಕೂಡುತ್ತದೆ. ಎರಡನೆಯ ನ್ಯುಮೋನಿಯಾ ಬಂದರೆ ಅದರದೇ ಬರುತ್ತದೆ. "ಮೆರೋಪೆನೆಮ್ ನಾನು ಕಾಕಾಂದೇ ಸಲವಾಗಿ ಎತ್ತಿ ಇಡಾಕತ್ತೀನಿ, ನಾಳೆ ಬೇಕಾದ್ರ ಇರಲಿ ಅಂತ" ಎಂಬ ಮಾತಿಗೆ ತಮ್ಮ ಸುಮ್ಮನಾದ. ಪೂರ್ತಿ ಒಪ್ಪಿದನೆಂದಲ್ಲ.

ಈ ಮಾತಿನ ಅರ್ಥವೇನೆಂಬುದು ಪಕ್ಕದ ಬೆಂಚಿನಲ್ಲಿಯೇ ಇತ್ತು. ಮಂಗಳವೇಢೆ ಕಡೆಯ ಒಂದು ಕುಟುಂಬ. ಹೆದ್ದಾರಿಯಲ್ಲಿ ಮೋಟಾರು ಸೈಕಲ್ ಬಿದ್ದು ತಲೆಗೆ ಪೆಟ್ಟಾದ ಹುಡುಗ, ಎರಡು ಬೇರೆ ಕಡೆ ಮೂರು ವಾರ ಇದ್ದು ಇಲ್ಲಿಗೆ ಬಂದಿದ್ದ. ಹಿಂದಿನ ಕಡೆಗಳ ಚೀಟಿಗಳಲ್ಲಿ ಆಂಟಿಬಯಾಟಿಕ್ಕುಗಳ ಹೆಸರು ಒಂದರ ಮೇಲೊಂದು, ಕಲ್ಚರ್ ವರದಿ ಮಾತ್ರ ಒಂದೂ ಇಲ್ಲ. ಇಲ್ಲಿ ತೆಗೆದ ಕಫದಲ್ಲಿ ಅಸಿನೆಟೊಬ್ಯಾಕ್ಟರ್ ಬೆಳೆಯಿತು. ವರದಿಯ ಹಾಳೆಯಲ್ಲಿ ಔಷಧಿಗಳ ಹೆಸರಿನ ಮುಂದೆ ಸಾಲಾಗಿ 'ಆರ್', 'ಆರ್', 'ಆರ್'. ಆರ್ ಎಂದರೆ ಬಗ್ಗುವುದಿಲ್ಲ. ಕೊನೆಗೆ ಉಳಿದದ್ದು ಕೊಲಿಸ್ಟಿನ್ ಒಂದೇ. 1949ರಲ್ಲಿ ಜಪಾನಿನಲ್ಲಿ ಕಂಡುಹಿಡಿದ, ಮೂತ್ರಪಿಂಡಕ್ಕೆ ಘಾತುಕವೆಂದು 1970ರ ಸುಮಾರಿಗೆ ವೈದ್ಯರು ಮೂಲೆಗೆ ಸರಿಸಿದ ಹಳೆಯ ಔಷಧಿ ಅದು. ಬೇರೇನೂ ಉಳಿಯದ್ದರಿಂದ ಈಗ ತಿರುಗಿ ತೆಗೆದಿದ್ದಾರೆ. ಹುಡುಗನ ಮೂತ್ರ ಐದನೆಯ ದಿನಕ್ಕೆ ಕಡಿಮೆಯಾಯಿತು. ಡಯಾಲಿಸಿಸ್ ನಡೆಯಿತು. ಒಂಬತ್ತನೆಯ ದಿನ ಬೆಳಗಿನ ಜಾವ ಆ ತಾಯಿಯ ಧ್ವನಿ ಕೇಳಿ ನಾವೆಲ್ಲ ಎದ್ದೆವು. ಆಕೆ ಹಿಂದಿನ ರಾತ್ರಿ ನಮ್ಮ ಕಾಕೂ ಅವರಿಗೆ ತಮ್ಮ ಡಬ್ಬಿಯ ಭಾಕರಿ ಕೊಡಲು ಬಂದಿದ್ದರು. ಕಾಕೂ ರಾತ್ರಿ ಉಣ್ಣುವುದಿಲ್ಲವೆಂದಾಗ, "ಮುಂಜಾನೆ ತಿನ್ರಿ ಅಕ್ಕಾ" ಎಂದು ಕಟ್ಟಿಟ್ಟು ಹೋಗಿದ್ದರು.

ಈ ಹುಡುಗನದು ಅಪರೂಪದ ಸಂಗತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳ ರೋಗಾಣುಗಳ ಲೆಕ್ಕ ಇಡುತ್ತ ಬಂದಿದೆ. ಅದರ ಇತ್ತೀಚಿನ ವರದಿಗಳ ಪ್ರಕಾರ ಅಸಿನೆಟೊಬ್ಯಾಕ್ಟರ್ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಸಲ ಮೆರೋಪೆನೆಮ್‌ಗೆ ಬಗ್ಗುವುದಿಲ್ಲ. ಕೊಲಿಸ್ಟಿನ್ ಉಳಿಯಲೆಂದೇ ಭಾರತ ಸರಕಾರ 2019ರ ಜುಲೈಯಲ್ಲಿ ಕೋಳಿ ಮತ್ತು ದನಗಳ ಮೇವಿನಲ್ಲಿ ಅದನ್ನು ಬಳಸುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು ಕೋಳಿ ಬೇಗ ಕೊಬ್ಬಲಿ ಎಂದು ಈ ಕೊನೆಯ ಔಷಧಿಯನ್ನು ಮೇವಿಗೆ ಬೆರೆಸುತ್ತಿದ್ದರು! ಪ್ರಾಣಿಹಿಂಸೆಯ ವಿಚಾರ ಬಿಟ್ಟು ಬರೀ ಮನುಷ್ಯನ ಸ್ವಾರ್ಥದಿಂದ ನೋಡಿದರೂ ಇದೆಂಥ ವ್ಯವಹಾರ?

ಕಾಕಾ ಅವರ ಕಡೆಗೆ ಬರೋಣ. ಜ್ವರ ನಾಲ್ಕನೆಯ ದಿನಕ್ಕೆ ಇಳಿಯಿತು. ಆಮ್ಲಜನಕ 40ಕ್ಕೆ ಬಂತು. ಎಂಟು ದಿನ ತುಂಬಿದಾಗ ಡಾಕ್ಟರರು ಆಂಟಿಬಯಾಟಿಕ್ಕನ್ನು ಪೂರ್ತಿ ನಿಲ್ಲಿಸಿದರು. ಎಕ್ಸ್‌ರೇಯಲ್ಲಿ ಕಲೆ ಇನ್ನೂ ಇತ್ತು. ಕಫ ಪೂರ್ತಿ ತಿಳಿಯಾಗಿರಲಿಲ್ಲ. ಅದೇ ವಾರ ಪಕ್ಕದ ಹುಡುಗ ಹೋಗಿದ್ದ. ಇಂಥ ಹೊತ್ತಿನಲ್ಲಿ ಔಷಧಿ ನಿಲ್ಲಿಸುವುದೆಂದರೆ ಕೈಬಿಟ್ಟರೆಂದೇ ತಮ್ಮ ತಿಳಿದ. ಕಾಕೂ ಮಾತನಾಡದೆ ಜಪಮಣಿ ಹಿಡಿದು ಕುಳಿತರು. ನಾವೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದದ್ದು ಒಂದೇ ಮಾತು: ಕೋರ್ಸ್ ಪೂರ್ತಿ ಮಾಡಬೇಕು. ಹಾಗಾದರೆ ಈ ಕೋರ್ಸಿನ ಉದ್ದವನ್ನು ಅಳೆದವರು ಯಾರು ಎಂದು ಡಾಕ್ಟರರನ್ನು ಕೇಳಿದೆವು.

ಅವರು ಹೇಳಿದ್ದು, ಆಮೇಲೆ ನಾವು ಓದಿ ಖಚಿತಪಡಿಸಿಕೊಂಡದ್ದು ಇಷ್ಟು. ಹಿಂದೆ ಈ ನ್ಯುಮೋನಿಯಾಕ್ಕೆ ಎರಡು ವಾರ, ಮೂರು ವಾರ ಔಷಧಿ ಕೊಡುವುದೇ ರೂಢಿ. ಭಯವೇ ಅದರ ಅಳತೆಗೋಲು. ಫ್ರಾನ್ಸಿನ 51 ಐ.ಸಿ.ಯು.ಗಳ ವೈದ್ಯರು ಸೇರಿ 401 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 8 ದಿನ, ಇನ್ನೊಂದಕ್ಕೆ 15 ದಿನ. 2003ರಲ್ಲಿ ಫಲಿತಾಂಶ ಹೊರಬಂತು. 28 ದಿನದೊಳಗೆ ತೀರಿಕೊಂಡವರು ಎಂಟು ದಿನದ ಗುಂಪಿನಲ್ಲಿ ನೂರಕ್ಕೆ 18.8, ಹದಿನೈದು ದಿನದ ಗುಂಪಿನಲ್ಲಿ 17.2, ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಆದರೆ ರೋಗ ತಿರುಗಿ ಬಂದವರಲ್ಲಿ, ಹದಿನೈದು ದಿನ ಔಷಧಿ ತೆಗೆದುಕೊಂಡವರ ರೋಗಾಣುಗಳೇ ಹೆಚ್ಚು ಮೊಂಡಾಗಿದ್ದವು. ಒಂದು ಮಾತನ್ನು ಮರೆಮಾಚಬಾರದು. ಸ್ಯೂಡೋಮೊನಾಸ್ ಜಾತಿಯ ರೋಗಾಣು ಇದ್ದವರಲ್ಲಿ ಕಡಿಮೆ ದಿನದ ಗುಂಪಿಗೆ ಸೋಂಕು ಮರಳುವುದು ಹೆಚ್ಚಿತ್ತು, ಅಲ್ಲಿ ಸಾವು ಹೆಚ್ಚದಿದ್ದರೂ. ಆದ್ದರಿಂದ ಯಾವ ರೋಗಾಣು ಎಂಬುದನ್ನು ನೋಡಿಯೇ ದಿನ ನಿರ್ಧರಿಸಬೇಕೆಂಬ ಚರ್ಚೆ ವೈದ್ಯರಲ್ಲಿ ಇನ್ನೂ ನಡೆದಿದೆ. 2016ರಲ್ಲಿ ಅಮೇರಿಕೆಯ ವೈದ್ಯ ಸಂಘಗಳು ಏಳು ದಿನವೆಂದು ಸಲಹೆ ಕೊಟ್ಟವು. ನಮ್ಮ ಸಂಶೋಧನಾ ಪರಿಷತ್ತು 2022ರ ಮಾರ್ಗದರ್ಶಿಯಲ್ಲಿ ಆಸ್ಪತ್ರೆಯಲ್ಲಿ ಬಂದ ನ್ಯುಮೋನಿಯಾಕ್ಕೆ ಎಂಟು ದಿನ, ಮನೆಯಲ್ಲಿ ಬಂದದ್ದಕ್ಕೆ ಐದು ದಿನ ಎಂದಿತು.

ಕಾಕಾ ಮನೆಗೆ ಬಂದ ಮೇಲೆ 2024ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಅದು ನೇಪಾಳ, ಥೈಲ್ಯಾಂಡ್, ಸಿಂಗಾಪುರಗಳಲ್ಲಿ ನಡೆದದ್ದು, ಅಂದರೆ ನಮ್ಮಂಥ ಹವೆಯ, ನಮ್ಮಂಥ ಮೊಂಡ ರೋಗಾಣುಗಳ ನಾಡುಗಳಲ್ಲಿ. ಜ್ವರ ಇಳಿದು ರಕ್ತದೊತ್ತಡ ನಿಂತ ರೋಗಿಗೆ ಏಳು ದಿನದೊಳಗೇ ಔಷಧಿ ನಿಲ್ಲಿಸಿದರೂ ಕೇಡಾಗಲಿಲ್ಲವೆಂದು ಅಲ್ಲಿಯೂ ಕಂಡಿತು. ಔಷಧಿಯಿಂದಾಗುವ ಉಪದ್ರವ, ಮುಖ್ಯವಾಗಿ ಮೂತ್ರಪಿಂಡದ್ದು, ಕಡಿಮೆ ದಿನದ ಗುಂಪಿನಲ್ಲಿ ನೂರಕ್ಕೆ 8, ಹೆಚ್ಚು ದಿನದವರಲ್ಲಿ 38. ಪಕ್ಕದ ಬೆಂಚಿನ ಆ ಹುಡುಗನ ನೆನಪು ಬಂದು ಈ ಅಂಕಿಗಳನ್ನು ಎರಡು ಸಲ ಓದಿದೆವು.

ಎಕ್ಸ್‌ರೇಯ ಕಲೆಗೂ ಉತ್ತರ ಸಿಕ್ಕಿತು. ರೋಗ ಹೋದ ಮೇಲೆಯೂ ಚಿತ್ರದಲ್ಲಿ ಕಲೆ ವಾರಗಟ್ಟಲೆ ಉಳಿಯುತ್ತದೆ, ಬೆಂಕಿ ಆರಿದ ಮೇಲೂ ಗೋಡೆಗೆ ಮಸಿ ಉಳಿಯುವಂತೆ. ಕಫದಲ್ಲಿ ರೋಗಾಣು ಕಂಡಿತೆಂದ ಮಾತ್ರಕ್ಕೆ ರೋಗವೆಂದೂ ಅಲ್ಲ. ಕೊಳವೆ ಇರುವವರೆಗೆ ಅದರ ಮೇಲೆ ಅವು ಇದ್ದೇ ಇರುತ್ತವೆ. ಕಾಗದಕ್ಕೆ ಔಷಧಿ ಕೊಡಬಾರದು, ರೋಗಿಗೆ ಕೊಡಬೇಕು ಎಂಬುದು ಡಾಕ್ಟರರ ಮಾತು. ಮತ್ತೆ ಜ್ವರ ಬಂದರೆ ಹೊಸದಾಗಿ ಕಫ ತೆಗೆದು ಹೊಸ ಲೆಕ್ಕ ಹಾಕುತ್ತೇನೆ ಎಂದೂ ಹೇಳಿದರು. ಮುಂದಿನ ಮೂರು ದಿನ ಪ್ರತಿ ತಾಸಿಗೆ ತಮ್ಮ ಥರ್ಮಾಮೀಟರಿನ ಅಂಕಿ ಕೇಳುತ್ತಿದ್ದ. ಸಿಸ್ಟರ್‌ಗಳಿಗೆ ಸಾಕಾಗಿ, ಕೊನೆಗೆ ಅವನನ್ನು ಕಂಡೊಡನೆ ಬಾಗಿಲಿನಿಂದಲೇ "98.4" ಎಂದು ಕೂಗುತ್ತಿದ್ದರು.

ಹೀಗೆ ಬರೆದೆವೆಂದು ಯಾರೂ ಮನೆಯಲ್ಲಿ ತಮ್ಮ ಗುಳಿಗೆಗಳನ್ನು ತಾವೇ ಅರ್ಧಕ್ಕೆ ನಿಲ್ಲಿಸಬಾರದು. ಕ್ಷಯಕ್ಕೆ ಆರು ತಿಂಗಳೆಂದರೆ ಆರು ತಿಂಗಳೇ. ಡಾಕ್ಟರರು ಬರೆದಷ್ಟು ದಿನ ತೆಗೆದುಕೊಳ್ಳಬೇಕು. ಆ ದಿನಗಳ ಸಂಖ್ಯೆ ಮೊದಲಿಗಿಂತ ಕಡಿಮೆ ಇದ್ದರೆ ಹೆದರಬೇಕಾಗಿಲ್ಲ, ಇಷ್ಟೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಂದರ್ಭದ ಭಾಷಣದಲ್ಲಿ, ಅರೆಬರೆ ಪ್ರಮಾಣದ ಔಷಧಿ ರೋಗಾಣುವಿಗೆ ಪಾಠ ಕಲಿಸುತ್ತದೆಂದು ಎಚ್ಚರಿಸಿದ್ದರು. ಬೇಡವಾದಷ್ಟು ದಿನ ಕೊಟ್ಟರೂ ಅದೇ ಪಾಠ ಆಗುತ್ತದೆಂದು ತಿಳಿಯಲು ಜಗತ್ತಿಗೆ ಮತ್ತೆ ಅರ್ಧ ಶತಮಾನ ಬೇಕಾಯಿತು. ಸೋಲಾಪುರದಲ್ಲಿ ಹುಟ್ಟಿ 1938ರಲ್ಲಿ ಚೀನಾಕ್ಕೆ ಹೋಗಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿ 1942ರಲ್ಲಿ ಅಲ್ಲಿಯೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ಣೀಸರ ಕಾಲಕ್ಕೆ ಪೆನಿಸಿಲಿನ್ ಇನ್ನೂ ಕೈಗೆ ಬಂದಿರಲಿಲ್ಲ. ಅವರ ಊರಿನ ಬೀದಿಬೀದಿಯ ಔಷಧಿ ಅಂಗಡಿಗಳಲ್ಲಿ ಇಂದು ಸಿಗುವ ಆಂಟಿಬಯಾಟಿಕ್ಕುಗಳಲ್ಲಿ ಒಂದೇ ಒಂದು ಪೆಟ್ಟಿಗೆ ಅವರಿಗೆ ಸಿಕ್ಕಿದ್ದರೆ ಎಂದು ಆ ದಾರಿಯಲ್ಲಿ ಹಾಯುವಾಗ ಅನಿಸುತ್ತದೆ.

ಔಷಧಿಯ ಮಾತಾಯಿತು. ಈ ನ್ಯುಮೋನಿಯಾ ಬಾರದಂತೆ ನೋಡುವುದರಲ್ಲಿ ಔಷಧಿಗಿಂತ ಸಣ್ಣ ಕೆಲಸಗಳ ಪಾತ್ರ ದೊಡ್ಡದು. ಮಂಚದ ತಲೆಭಾಗ 30ರಿಂದ 45 ಅಂಶದಷ್ಟು ಎತ್ತರಿಸಿರಬೇಕು, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರಬಾರದೆಂದು. ಹಲ್ಲು ಬ್ರಶ್‌ನಿಂದ ಉಜ್ಜಬೇಕು. ಮುಟ್ಟುವ ಪ್ರತಿಯೊಬ್ಬರೂ ಪ್ರತಿಸಲವೂ ಕೈ ತೊಳೆಯಬೇಕು. ಯಂತ್ರ ಬಿಡಿಸಲಾದೀತೆ ಎಂದು ದಿನವೂ ನೋಡಬೇಕು. ಇವು ಸಿಸ್ಟರ್‌ಗಳ ಕೆಲಸ ನಿಜ, ಆದರೆ ಭೇಟಿಗೆ ಹೋದವರ ಕಣ್ಣಿಗೂ ಕಾಣುವಂಥವು.

ಜಿ.ಬಿ.ಎಸ್. ರೋಗಿಗೆ ಎಚ್ಚರ ತಪ್ಪಿರುವುದಿಲ್ಲ. ಕೈಕಾಲು ಆಡುವುದಿಲ್ಲ, ಗಂಟಲಲ್ಲಿ ಕೊಳವೆ, ಆದರೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ. ಕಾಕಾ ಅವರಿಗೆ ಆಡುತ್ತಿದ್ದದ್ದು ರೆಪ್ಪೆ ಮಾತ್ರ. ಮಗಳು ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದು ತಂದು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಬೇಕಾದ ಅಕ್ಷರಕ್ಕೆ ಅವರು ರೆಪ್ಪೆ ಮಿಟುಕಿಸುತ್ತಿದ್ದರು. ಒಂದು ಸಂಜೆ ಮೊದಲು 'ಮ' ಬಂತು, ಬಹಳ ಹೊತ್ತಿಗೆ 'ಚ' ಬಂತು. ಮಗಳು ಮಾಚ, ಮಚ್ಚ ಎಂದು ತಡಕಾಡಿದಳು. ಬೆರಳು 'ಅಂ' ಮೇಲೆ ಹೋದಾಗ ರೆಪ್ಪೆ ಎರಡು ಸಲ ಬಡಿಯಿತು. ಮಂಚ. ಹಾಸಿಗೆ ಬದಲಿಸುವಾಗ ಇಳಿಸಿದ ತಲೆಭಾಗವನ್ನು ಏರಿಸುವುದು ಯಾರಿಗೋ ಮರೆತುಹೋಗಿತ್ತು. ಮಾಸ್ತರರು ಮಲಗಿದಲ್ಲಿಂದಲೇ ತಪ್ಪು ತಿದ್ದಿದರು. ಆವತ್ತು ಐ.ಸಿ.ಯು.ದಲ್ಲಿ ಸಿಸ್ಟರ್‌ಗಳೂ ನಕ್ಕರು.

ನಮ್ಮ ಕಡೆಯ ಆಚಾರಗಳ ಪ್ರಶ್ನೆಗಳೂ ಬಂದವು. ಸಂಬಂಧಿಕರೊಬ್ಬರು ಬಸದಿಯಿಂದ ಗಂಧೋದಕ ತಂದಿದ್ದರು. ಕೊಳವೆ ಇದ್ದವರ ಹತ್ತಿರ ಹೊರಗಿನ ನೀರು ಬೇಡವೆಂದು ಸಿಸ್ಟರ್ ಮೆತ್ತಗೆ ಹೇಳಿದರು. ನೀರಿನಲ್ಲಿ ಸ್ಯೂಡೋಮೊನಾಸ್ ಸುಲಭವಾಗಿ ಬೆಳೆಯುತ್ತದೆ. ಕಾಕೂ ವಾದಿಸಲಿಲ್ಲ. ಬಾಗಿಲ ಹೊರಗೇ ಅದನ್ನು ತಮ್ಮ ಹಣೆಗೆ ಹಚ್ಚಿಕೊಂಡು, ಕೈ ತೊಳೆದು ಒಳಗೆ ಹೋಗಿ ಅವರ ಪಾದ ಮುಟ್ಟಿದರು. ಮೂಗಿನ ನಳಿಗೆಯಿಂದ ಕೊಡುವ ಆಹಾರವನ್ನು ಸೂರ್ಯಾಸ್ತದೊಳಗೆ ಮುಗಿಸಲಾದೀತೆ ಎಂದು ಕೇಳಿದಾಗ, ಆಹಾರತಜ್ಞೆ ಲೆಕ್ಕ ಹಾಕಿ ಹಗಲಿನ ಪಾಳಿಗಳಲ್ಲೇ ತುಂಬಿಸಿಕೊಟ್ಟರು. ರಾತ್ರಿಯ ಇಂಜೆಕ್ಷನ್ನಿನ ಬಗ್ಗೆ ಮಾತ್ರ ಕಾಕೂ, "ಅದು ಊಟಲ್ಲ, ಹೊತ್ತಿಗೆ ಸರಿಯಾಗಿ ಕೊಡ್ರಿ" ಎಂದು ತಾವೇ ಹೇಳಿದರು.

ಎರಡನೆಯ ನ್ಯುಮೋನಿಯಾ ಬರಲಿಲ್ಲ. ಹದಿನೈದನೆಯ ದಿನ ಕುತ್ತಿಗೆಯಲ್ಲಿ ರಂಧ್ರ ಮಾಡಿ ಬಾಯಿಯ ಕೊಳವೆ ತೆಗೆದರು. ಇಪ್ಪತ್ತೇಳನೆಯ ದಿನ ಯಂತ್ರ ಬಿಟ್ಟಿತು. ಸೋಲಾಪುರಕ್ಕೆ ಬಂದ ನಲವತ್ತೆಂಟನೆಯ ದಿನ ಅಕ್ಕಲಕೋಟೆಗೆ ಕರೆದುಕೊಂಡು ಹೋದೆವು, ಆಗ ಅವರ ತೂಕ 49 ಕಿಲೋ. ವಾಕರ್ ಹಿಡಿದು ಬಸದಿಯ ಮೆಟ್ಟಿಲವರೆಗೆ ಹೋಗಲು ಆರು ತಿಂಗಳು ಹಿಡಿಯಿತು. ಎಡಗಾಲಿನ ಪಾದ ಇನ್ನೂ ಸ್ವಲ್ಪ ಎಳೆಯುತ್ತದೆ.

ಡಿಸ್ಚಾರ್ಜ್ ಕಾಗದದ ಜೊತೆಗೆ ಕಲ್ಚರ್ ವರದಿಯ ಪ್ರತಿಯನ್ನೂ ಕೇಳಿ ಇಸಿದುಕೊಳ್ಳಿರಿ ಎಂದು ಡಾಕ್ಟರರು ಹೇಳಿದ್ದರು. ಮುಂದೆ ಎಲ್ಲಿಯಾದರೂ ಸೇರಬೇಕಾಗಿ ಬಂದರೆ, ಹಿಂದೆ ಯಾವ ರೋಗಾಣು ಇತ್ತು, ಯಾವ ಔಷಧಿ ಎಷ್ಟು ದಿನ ಕೊಟ್ಟಿದ್ದಾರೆ ಎಂಬುದನ್ನು ನೋಡಿಯೇ ಅಲ್ಲಿಯವರು ಔಷಧಿ ಆರಿಸುತ್ತಾರೆ. ಕಾಕಾ ಆ ಹಾಳೆಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಮೇಲೆ ತಮ್ಮ ದುಂಡು ಅಕ್ಷರದಲ್ಲಿ ತಾರೀಖು ಬರೆದು ಗೋದ್ರೇಜ್ ಕಪಾಟಿನಲ್ಲಿ ಇಟ್ಟಿದ್ದಾರೆ. ಕಳೆದ ಚಳಿಗಾಲದಲ್ಲಿ ನೆಗಡಿಯಾಗಿ ಅಂಗಡಿಗೆ ಹೋದಾಗ ಕೌಂಟರಿನ ಹುಡುಗ ಕೆಂಪು ಗೆರೆಯಿದ್ದ ಗುಳಿಗೆಯ ಪಟ್ಟಿಯೊಂದನ್ನು ಮುಂದಿಟ್ಟ. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಗುರುತು ಅದು. ಜನಕ್ಕೆ ತಿಳಿಯಲೆಂದು 2016ರಲ್ಲಿ ಸರಕಾರ ಅದರ ಪ್ರಚಾರವನ್ನೂ ಮಾಡಿತ್ತು. ಕಾಕಾ ಪಟ್ಟಿಯನ್ನು ತಿರುಗಿಸಿ ಗೆರೆಯ ಮೇಲೆ ಬೆರಳಿಟ್ಟು, "ಇದೇನಪಾ, ಓದು ನೋಡೋಣು" ಎಂದರಂತೆ. ಹುಡುಗ ಅವರ ಶಾಲೆಯಲ್ಲೇ ಕಲಿತವನು. ಪಟ್ಟಿ ಒಳಗಿಟ್ಟು ಶುಂಠಿ ಗುಳಿಗೆಯ ಡಬ್ಬಿ ತೆಗೆದ.